ದೂಳಿಗೆ ಕರೆಂಟು ಕೊಟ್ಟರೆ ಗಂಟು ಕಟ್ಟುತ್ತಾ?

ಹೋದ ಸಂಚಿಕೆಯಲ್ಲಿ ಚಿಮಣಿ ಹೊಗೆಯ ಬಗ್ಗೆ ಬರೆಯುತ್ತಾ, ‘ಸಣ್ಣ ದೂಳನ್ನು ಕರೆಂಟಿನಿಂದ ಗಂಟು ಕಟ್ಟಿಸುವ ಉಪಾಯವೂ ಒಂದಿದೆ, ಇನ್ನೊಮ್ಮೆ ಹೇಳ್ತೀನಿ’ ಅಂತ ಸುಮ್ನೆ ಒಂದು ಸಾಲು ಬರೆದು ಬಿಟ್ಟಿದ್ದೆ. ಅದಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅದರಲ್ಲೂ ಬಳ್ಳಾರಿ, ರಾಯಚೂರು, ಕೊಪ್ಪಳದವರೇ ಜಾಸ್ತಿ. ಬೆಳಿಗ್ಗೆ ಬೈಕಿನ ಸೀಟು ಒರೆಸಿದರೆ ಬಟ್ಟೆ ಕರ್ರಗೋ ಕೆಂಪಗೋ ಆಗುವ ಊರಿನವರು ಕೇಳದೆ ಇನ್ಯಾರು ಕೇಳಬೇಕು? ನಾನು ಈ ಭಾಗದ ಒಂದು ಕಾರ್ಖಾನೆಯಲ್ಲಿ ದೂಳು ಹಿಡಿಯುವ ಯಂತ್ರದ ರಿಪೇರಿ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು, ಹಾಗಾಗಿ ಪುಸ್ತಕದ ಮಾತಿಗಿಂತ ಕೈಗೆ ಹತ್ತಿದ ಬೂದಿಯ ಮಾತು ಜಾಸ್ತಿ ಇರುತ್ತೆ, ಸಹಿಸಿಕೊಳ್ಳಿ.

ಪ್ರಶ್ನೆ: ಕಾರ್ಖಾನೆಯವರು ನಮ್ಮ ಯಂತ್ರ ನೂರಕ್ಕೆ 99.8 ದೂಳು ಹಿಡಿಯುತ್ತೆ ಅಂತಾರೆ. ಉಳಿದ 0.2ಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಸರ್? ಅದನ್ನ ಗಂಟು ಕಟ್ಟಿಸೋಕೆ ಮತ್ತೊಂದು ಯಂತ್ರ ಬೇರೆ ಯಾಕೆ?
— ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ

ನಾವೇ ಲೆಕ್ಕ ಹಾಕೋಣ ಬನ್ನಿ. ಒಂದು ಯುನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು ಅಂತಿಟ್ಟುಕೊಳ್ಳಿ. ಕಲ್ಲಿದ್ದಲು ವಿದ್ಯುತ್ ಸ್ಥಾವರದ 210 ಮೆಗಾವಾಟಿನ ಒಂದು ಘಟಕ ಪೂರ್ತಿ ಓಡಿದರೆ ಗಂಟೆಗೆ ಹತ್ತಿರಹತ್ತಿರ 150 ಟನ್ ಕಲ್ಲಿದ್ದಲು ತಿನ್ನುತ್ತೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಜಾಸ್ತಿ ಬೂದಿಯೇ ಇರುತ್ತೆ, ಅಂದರೆ ಗಂಟೆಗೆ 50 ಟನ್ ಬೂದಿ. ಅದರಲ್ಲಿ ಒಂದು ಪಾಲು ಬಾಯ್ಲರಿನ ಕೆಳಗೇ ಬೀಳುತ್ತೆ, ಉಳಿದ ನಾಲ್ಕು ಪಾಲು, ಅಂದರೆ 40 ಟನ್, ಹೊಗೆಯ ಜೊತೆ ಹಾರಿ ಬರುತ್ತೆ. ಈಗ ನಿಮ್ಮ 0.2 ಹಾಕಿ ನೋಡಿ. ಗಂಟೆಗೆ 80 ಕೆ.ಜಿ. ಒಂದೇ ಘಟಕದ್ದು. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಅಂಥವು ಏಳು, ಜೊತೆಗೆ 250 ಮೆಗಾವಾಟಿನದು ಒಂದು. ಇತ್ತ ಬಳ್ಳಾರಿ ಹತ್ತಿರದ ಕುಡತಿನಿಯ ಸ್ಥಾವರದಲ್ಲಿ ಒಟ್ಟು 1700 ಮೆಗಾವಾಟ್, ರಾಯಚೂರು ಪಕ್ಕದ ಯರಮರಸ್‌ನದರಲ್ಲಿ 1600. ನಾನು ಯಾರ ಮೇಲೂ ದೂರು ಹೇಳ್ತಾ ಇಲ್ಲ, 0.2 ಅನ್ನೋ ಅಂಕಿ ಕೇಳಿದಷ್ಟು ಸಣ್ಣದಲ್ಲ ಅಂತ ತೋರಿಸ್ತಾ ಇದ್ದೀನಿ ಅಷ್ಟೇ.

ಆದರೆ ತೂಕಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಆ 99.8 ಅನ್ನೋದು ತೂಕದ ಲೆಕ್ಕ. ಹಿಡಿದದ್ದರಲ್ಲಿ ದಪ್ಪ ಕಾಳೇ ಜಾಸ್ತಿ, ತಪ್ಪಿಸಿಕೊಂಡದ್ದರಲ್ಲಿ ಸಣ್ಣವೇ ಜಾಸ್ತಿ. 10 ಮೈಕ್ರಾನಿನ ಒಂದು ಕಣ ತೂಗುವಷ್ಟು ತೂಕ ಬರಬೇಕಾದರೆ ಅರ್ಧ ಮೈಕ್ರಾನಿನ ಕಣ 8,000 ಬೇಕು. (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್.) ಒಂದು ದಪ್ಪ ಕಣ ಹಿಡಿದು ಎಂಟು ಸಾವಿರ ಸಣ್ಣವನ್ನು ಬಿಟ್ಟರೂ ತಕ್ಕಡಿ ‘ಅರ್ಧಕ್ಕರ್ಧ ಹಿಡಿದೆ’ ಅನ್ನುತ್ತೆ. ದಪ್ಪದ್ದು ಮೂಗಲ್ಲೋ ಗಂಟಲಲ್ಲೋ ಸಿಕ್ಕಿಹಾಕಿಕೊಂಡು ಕಫದ ಜೊತೆ ಹೊರಗೆ ಬರುತ್ತೆ. 2.5 ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ತಳದವರೆಗೂ ಇಳಿಯುತ್ತೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಅದಕ್ಕೇ 2009ರಲ್ಲಿ ನಮ್ಮ ದೇಶದ ಗಾಳಿ ಮಾನದಂಡ ಬದಲಿಸಿದಾಗ ಈ ಸಣ್ಣ ದೂಳಿಗೆ ಬೇರೆ ಮಿತಿಯನ್ನೇ ಹಾಕಿದರು: ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ, ವರ್ಷದ ಸರಾಸರಿ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಇನ್ನೂ ಬಿಗಿ, ವರ್ಷಕ್ಕೆ 5. ಆದರೆ ಚಿಮಣಿಯಲ್ಲಿ ಅಳೆಯೋದು ಈಗಲೂ ಒಟ್ಟು ದೂಳಿನ ತೂಕವನ್ನೇ. ನನ್ನ ಪ್ರಕಾರ ಗೊಂದಲ ಎಲ್ಲಾ ಇಲ್ಲೇ ಶುರುವಾಗೋದು.

ಪ್ರಶ್ನೆ: ಸರ್, ನಾನು ಐಟಿಐ ಓದ್ತಾ ಇದ್ದೀನಿ. ಒಂದೇ ಥರದ ಚಾರ್ಜ್ ಇರೋವು ದೂರ ತಳ್ಳುತ್ತವೆ ಅಂತ ನಮಗೆ ಕಲಿಸಿದ್ದಾರೆ. ದೂಳಿನ ಕಣಗಳಿಗೆಲ್ಲ ಚಾರ್ಜ್ ಕೊಟ್ಟರೆ ಅವು ಒಂದಕ್ಕೊಂದು ದೂರ ಹೋಗಬೇಕು ಅಲ್ವಾ? ಗಂಟು ಹೆಂಗೆ ಕಟ್ಟುತ್ತವೆ?
— ವಿದ್ಯಾರ್ಥಿ, ರಾಯಚೂರು

ಶಭಾಷ್ ತಮ್ಮಾ. ಇದೇ ಪ್ರಶ್ನೆಯನ್ನ ನಾನು ಕೆಲಸಕ್ಕೆ ಸೇರಿದ ಎಷ್ಟೋ ವರ್ಷದ ಮೇಲೆ ಕೇಳಿದ್ದೆ, ನೀನು ಮೊದಲೇ ಕೇಳಿದೆ.

ಮೊದಲು ಮಾಮೂಲಿ ಯಂತ್ರ. ಪ್ಲಾಂಟಿನಲ್ಲಿ ಅದಕ್ಕೆ ಎಲ್ಲರೂ ಇ.ಎಸ್.ಪಿ. ಅಂತಾರೆ (ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್, ಅಂದರೆ ಚಾರ್ಜ್ ಕೊಟ್ಟು ದೂಳು ಹಿಡಿಯುವ ಯಂತ್ರ). ದೊಡ್ಡ ಮನೆಯಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆ. ಒಳಗೆ ಸಾಲು ಸಾಲು ತಗಡು, ಎರಡು ತಗಡಿನ ನಡುವೆ ಒಂದಡಿ ಚಿಲ್ಲರೆ ಜಾಗ, ಆ ಜಾಗದ ಮಧ್ಯೆ ಇಳಿಬಿಟ್ಟ ತಂತಿ. ಮನೆಯ ಕರೆಂಟು 230 ವೋಲ್ಟ್ ಆದರೆ ಆ ತಂತಿಗೆ 40ರಿಂದ 80 ಸಾವಿರ ವೋಲ್ಟ್, ಅದೂ ಮೈನಸ್. ತಂತಿಯ ಸುತ್ತಲಿನ ಗಾಳಿ ತಡೆಯಲಾರದೆ ಒಡೆದು ನೀಲಿ ನೀಲಿ ಮಿನುಗುತ್ತೆ. ಅಲ್ಲಿಂದ ಹೊರಟ ಮೈನಸ್ ಅಯಾನುಗಳು (ಚಾರ್ಜ್ ಹೊತ್ತ ಗಾಳಿಯ ಅಣುಗಳು) ದಾರಿಯಲ್ಲಿ ಸಿಕ್ಕ ಬೂದಿ ಕಣದ ಮೈಗೆ ಹತ್ತಿಕೊಳ್ಳುತ್ತವೆ, ಚಾರ್ಜ್ ಹೊತ್ತ ಕಣ ಸೀದಾ ತಗಡಿನ ಕಡೆ ಎಳೆದುಕೊಂಡು ಹೋಗಿ ಅಂಟುತ್ತೆ. ಆಗಾಗ ಸುತ್ತಿಗೆ ತಗಡಿಗೆ ಬಡಿಯುತ್ತೆ, ಬೂದಿ ಉದುರಿ ಕೆಳಗಿನ ಹಾಪರಿಗೆ, ಅಂದರೆ ಆಲಿಕೆಯಂಥ ತೊಟ್ಟಿಗೆ, ಬೀಳುತ್ತೆ. ಇಲ್ಲಿ ಎಲ್ಲಾ ಕಣವೂ ಮೈನಸ್ಸೇ. ನೀನು ಹೇಳಿದ ಹಾಗೆ ಒಂದನ್ನೊಂದು ತಳ್ಳುತ್ತವೆ. ಗಂಟು ಕಟ್ಟುವ ಮಾತೇ ಇಲ್ಲ.

ತೊಂದರೆ ಬರೋದು ಮಧ್ಯದ ಸೈಜಿನವುಗಳಿಂದ. ದಪ್ಪ ಕಣದ ಮೈ ದೊಡ್ಡದು, ವೋಲ್ಟೇಜಿನ ಒತ್ತಡಕ್ಕೆ ಅಯಾನುಗಳು ಬಂದು ರಾಶಿ ರಾಶಿ ಹತ್ತುತ್ತವೆ. ಕಣದ ಅಡ್ಡಗಲ ಎರಡು ಪಟ್ಟಾದರೆ ಅದು ಹೊರುವ ಚಾರ್ಜ್ ನಾಲ್ಕು ಪಟ್ಟು. ತೀರಾ ಸಣ್ಣವು, 0.1 ಮೈಕ್ರಾನಿಗಿಂತ ಕೆಳಗಿನವು, ಅಲೆದಾಡುವ ಅಯಾನಿಗೆ ಡಿಕ್ಕಿ ಹೊಡೆದು ಒಂದೆರಡು ಚಾರ್ಜ್ ಪಡೆದರೂ ಸಾಕು, ಗಾಳಿ ಅವನ್ನು ಅಷ್ಟಾಗಿ ತಡೆಯಲ್ಲ, ಚಕ್ ಅಂತ ಓಡಿ ತಗಡು ಸೇರುತ್ತವೆ. ಇವೆರಡರ ನಡುವಿನವು, 0.1ರಿಂದ 1 ಮೈಕ್ರಾನ್, ಅತ್ತ ಚಾರ್ಜೂ ಸಾಲದು ಇತ್ತ ಓಟವೂ ಸಾಲದು. ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಇವು ಸೋರುತ್ತವೆ.

ಈಗ ಗಂಟಿನ ಉಪಾಯ. ಇ.ಎಸ್.ಪಿ.ಗೆ ಹೋಗುವ ಮುಂಚೆ, ಹೊಗೆ ಬರುವ ಕೊಳವೆಯಲ್ಲೇ ಉದ್ದುದ್ದ ಓಣಿಗಳನ್ನು ಮಾಡುತ್ತಾರೆ. ಒಂದು ಓಣಿಯಲ್ಲಿ ಹೋದ ದೂಳಿಗೆ ಪ್ಲಸ್, ಪಕ್ಕದ ಓಣಿಯಲ್ಲಿ ಹೋದದ್ದಕ್ಕೆ ಮೈನಸ್. ಓಣಿ ದಾಟಿದ ಮೇಲೆ ಎರಡನ್ನೂ ಕಲೆಸುತ್ತಾರೆ. ಪ್ಲಸ್ಸೂ ಮೈನಸ್ಸೂ ಸಿಕ್ಕಿದರೆ ಏನಾಗುತ್ತೆ ಅಂತ ನಿನಗೇ ಗೊತ್ತು. ಆಸ್ಟ್ರೇಲಿಯಾದ ಕಂಪನಿಯೊಂದು 2000ರ ದಶಕದ ಶುರುವಿನಲ್ಲಿ ಈ ಥರದ ಯಂತ್ರವನ್ನು ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ಅಂತ ಮಾರುಕಟ್ಟೆಗೆ ತಂದಿತ್ತು.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಅರ್ಧ ಮೈಕ್ರಾನಿನ ಎರಡು ಕಣ ಅಂಟಿದರೆ ಸೈಜು ಎಷ್ಟಾಗುತ್ತೆ ಹೇಳು? ಒಂದು ಮೈಕ್ರಾನ್ ಅಂತ ಹೇಳಿದರೆ ತಪ್ಪು. ಉಂಡೆಯ ಲೆಕ್ಕ ಘನದ ಲೆಕ್ಕ, 0.63 ಮೈಕ್ರಾನ್ ಅಷ್ಟೇ ಆಗುತ್ತೆ. ಎಂಟು ಸೇರಿದರೆ ಒಂದು ಮೈಕ್ರಾನ್. ಸಣ್ಣದು ಸಣ್ಣದಕ್ಕೆ ಅಂಟಿದರೆ ಇಷ್ಟೇ ಲಾಭ, ಇನ್ನೂ ಅದೇ ಸೋರುವ ಸೈಜಿನಲ್ಲೇ ಇರುತ್ತವೆ. ಅದೇ ಸಣ್ಣದು ಹೋಗಿ 10 ಮೈಕ್ರಾನಿನ ದಪ್ಪ ಕಣದ ಮೈಗೆ ಅಂಟಿದರೆ? ಕಥೆ ಮುಗೀತು. ದಪ್ಪಣ್ಣ ಸಿಕ್ಕಿಬಿದ್ದಾಗ ಬೆನ್ನ ಮೇಲಿನ ಮರಿಗಳೂ ಸಿಕ್ಕಿಬೀಳುತ್ತವೆ. ಹಾಗಾಗಿ ಈ ಯಂತ್ರದ ಅರ್ಧ ಜಾಣತನ ಕರೆಂಟಿನಲ್ಲಿದ್ದರೆ ಇನ್ನರ್ಧ ಕಲೆಸೋದರಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ತೂಬಿನ ಕೆಳಗೆ ನಿಂತು ನೋಡಿದ್ದೀಯಾ? ಹುಲ್ಲುಕಡ್ಡಿ, ನೊರೆ ಎಲ್ಲಾ ಸುಳಿಯಲ್ಲಿ ಗಿರಗಿರ ತಿರುಗ್ತಾ ಇರುತ್ತೆ, ದಪ್ಪ ಕಟ್ಟಿಗೆ ತುಂಡು ಮಾತ್ರ ಸುಳಿ ಕೊಯ್ದುಕೊಂಡು ಸೀದಾ ಹೋಗುತ್ತೆ, ಹೋಗುವಾಗ ಅಡ್ಡ ಸಿಕ್ಕ ಹುಲ್ಲನ್ನೆಲ್ಲ ಮೈಗೆ ಮೆತ್ತಿಕೊಂಡು ಹೋಗುತ್ತೆ. ಹೊಗೆಯಲ್ಲೂ ಅದೇ. ಸಣ್ಣವು ಗಾಳಿಯ ಜೊತೆ ತಿರುಗುತ್ತವೆ, ದಪ್ಪವು ನೆಟ್ಟಗೆ ನುಗ್ಗುತ್ತವೆ, ಹಾಗೆ ಹತ್ತಿರ ಬಂದಾಗ ಪ್ಲಸ್-ಮೈನಸ್ ಎಳೆತ ಕೆಲಸ ಮುಗಿಸುತ್ತೆ. ಇದೆಲ್ಲ ಆಗೋಕೆ ಸಿಗೋದು ಹೆಚ್ಚೆಂದರೆ ಒಂದೆರಡು ಸೆಕೆಂಡು, ಆಮೇಲೆ ಹೊಗೆ ಇ.ಎಸ್.ಪಿ. ಒಳಗೆ.

ಅಂಟಿದ ಮೇಲೆ ಪ್ಲಸ್ಸೂ ಮೈನಸ್ಸೂ ರದ್ದಾಗಿ ಬಿಡುತ್ತಲ್ಲ, ಬಿಟ್ಟುಹೋಗಲ್ವಾ ಅಂತ ಕೇಳ್ತೀಯೇನೋ. ಇಲ್ಲ. ಅಷ್ಟು ಸಣ್ಣ ವಸ್ತುಗಳಿಗೆ ಮೈಗೆ ಮೈ ತಾಗಿದರೆ ಸಾಕು, ವಾನ್ ಡರ್ ವಾಲ್ಸ್ ಬಲ ಅಂತ ಒಂದಿದೆ, ಅದು ಹಿಡಿದುಕೊಳ್ಳುತ್ತೆ.

ನೀನು ಮನೆಯಲ್ಲೇ ನೋಡಬೇಕಾ? ಸಂಜೆ ಒಗ್ಗರಣೆ-ಮಿರ್ಚಿಗೆ ಮಂಡಕ್ಕಿ ತರ್ತಾರಲ್ಲ, ಪ್ಲಾಸ್ಟಿಕ್ ಕವರ್ ಖಾಲಿ ಮಾಡಿದ ಮೇಲೆ ಒಳಗೆ ನೋಡು. ಮಂಡಕ್ಕಿಯ ಪುಡಿ, ಸಿಪ್ಪೆ ಚೂರು ಕವರಿಗೆ ಮೆತ್ತಿಕೊಂಡಿರುತ್ತೆ, ಕೊಡವಿದರೂ ಬೀಳಲ್ಲ. ದಪ್ಪ ಕಾಳು ಮಾತ್ರ ಉದುರಿರುತ್ತೆ. ಉಜ್ಜಾಟದಿಂದ ಹುಟ್ಟಿದ ಚಾರ್ಜ್ ಅದು. ಒಣ ತಲೆಗೂದಲಿಗೆ ಬಾಚಣಿಗೆ ತಿಕ್ಕಿ ಆ ಪುಡಿಯ ಹತ್ತಿರ ಹಿಡಿ. ಹಾರಿ ಬಂದು ಅಂಟುತ್ತವೆ, ಕೆಲವು ಅಂಟಿದ ಒಂದು ಕ್ಷಣಕ್ಕೆ ಚಿಮ್ಮಿ ದೂರ ಹೋಗುತ್ತವೆ. ಚಿಮ್ಮಿದ್ದು ಯಾಕೆ ಅಂತ ನಿನ್ನ ಪ್ರಶ್ನೆಯಲ್ಲೇ ಉತ್ತರ ಇದೆ: ಬಾಚಣಿಗೆಯ ಚಾರ್ಜನ್ನೇ ಅವೂ ಹಂಚಿಕೊಂಡವು. ಮಳೆಗಾಲದಲ್ಲಿ ಮಾಡಬೇಡ, ಸರಿಯಾಗಿ ಆಗಲ್ಲ. ನಮ್ಮ ಮಾರ್ಚ್ ಬಿಸಿಲಲ್ಲಿ ಮಾಡು.

ಪ್ರಶ್ನೆ: ಇದನ್ನೆಲ್ಲ ಮೊದಲು ಕಂಡುಹಿಡಿದವರು ಯಾರು?
— ನಿವೃತ್ತ ಶಿಕ್ಷಕರು, ದೇವದುರ್ಗ

ಮೇಷ್ಟ್ರೇ, ಜರ್ಮನಿಯ ಲೈಪ್ಜಿಗ್‌ನಲ್ಲಿ ಹೋಲ್‌ಫೆಲ್ಡ್ ಅನ್ನುವವರು 1824ರಲ್ಲೇ ಹೊಗೆ ತುಂಬಿದ ಜಾಡಿಯೊಳಗೆ ಚಾರ್ಜ್ ಆದ ತಂತಿ ಇಳಿಬಿಟ್ಟು ಹೊಗೆ ತಿಳಿಯಾಗೋದನ್ನು ತೋರಿಸಿದ್ದರು. ಇಂಗ್ಲೆಂಡಿನ ಆಲಿವರ್ ಲಾಜ್ 1885ರಲ್ಲಿ ಒಂದು ಸೀಸದ ಕುಲುಮೆಯ ಹೊಗೆಗೆ ಪ್ರಯತ್ನ ಮಾಡಿದರು, ಆಗಲಿಲ್ಲ. ಕೈಯಿಂದ ಗಾಜಿನ ಚಕ್ರ ತಿರುಗಿಸುವಂಥ ಯಂತ್ರಗಳ ಕಾಲ ಅದು, ಕರೆಂಟು ಸಾಲಲಿಲ್ಲ, ಸೀಸದ ದೂಳೂ ಮೊಂಡು.

ಗೆದ್ದವರು ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೆಡರಿಕ್ ಕಾಟ್ರೆಲ್, 1907ರ ಹೊತ್ತಿಗೆ. ಅವರ ಕಥೆಯಲ್ಲಿ ಹತ್ತಿ ಬೆಳೆಯುವ ನಿಮ್ಮ ರಾಯಚೂರು ಜಿಲ್ಲೆಯವರಿಗೆ ಖುಷಿಯಾಗುವ ಒಂದು ವಿಷಯ ಇದೆ. ಬರೀ ತಂತಿಯಿಂದ ಚಾರ್ಜ್ ಸರಿಯಾಗಿ ಹೊರಡ್ತಾ ಇರಲಿಲ್ಲವಂತೆ. ಕತ್ತಲಲ್ಲಿ ಕೆಲಸ ಮಾಡುವಾಗ ಹತ್ತಿ ನೂಲು ಸುತ್ತಿದ ತಂತಿಯ ಮೇಲೆ ನಸು ನೇರಳೆ ಬೆಳಕು ಮಿನುಗೋದು ಕಂಡಿತು. ಹತ್ತಿಯ ಸಣ್ಣ ಸಣ್ಣ ಎಳೆಗಳೇ ಸೂಜಿಮೊನೆಗಳಾಗಿ ಚಾರ್ಜನ್ನು ಗಾಳಿಗೆ ಬಿಡ್ತಾ ಇದ್ದವು. ಅಲ್ಲಿಂದ ಯಂತ್ರ ಓಡಿತು. ಪೇಟೆಂಟಿನಿಂದ ಬಂದ ದುಡ್ಡನ್ನು ಅವರು ಜೇಬಿಗಿಳಿಸಲಿಲ್ಲ, 1912ರಲ್ಲಿ ರಿಸರ್ಚ್ ಕಾರ್ಪೊರೇಷನ್ ಅಂತ ಸಂಸ್ಥೆ ಕಟ್ಟಿ ಬೇರೆಯವರ ಸಂಶೋಧನೆಗೆ ಹೋಗುವ ಹಾಗೆ ಮಾಡಿದರು.

ಪ್ರಶ್ನೆ: ಅಷ್ಟು ಚೆನ್ನಾಗಿದ್ದರೆ ನಮ್ಮ ಕಡೆ ಎಲ್ಲಾ ಚಿಮಣಿಗೂ ಯಾಕೆ ಹಾಕಲ್ಲ? ನಾನು ಕಾಂಟ್ರ್ಯಾಕ್ಟ್ ಲೇಬರ್, ಶಟ್‌ಡೌನ್ ಟೈಮಲ್ಲಿ ಇ.ಎಸ್.ಪಿ. ಒಳಗೆ ಕ್ಲೀನಿಂಗ್ ಮಾಡಿದ್ದೀನಿ, ಅದಕ್ಕೆ ಕೇಳ್ತಾ ಇದ್ದೀನಿ.
— ಓದುಗ, ರಾಯಚೂರು ತಾಲ್ಲೂಕು

ಒಳಗೆ ಇಳಿದವರಿಗೆ ಹೇಳೋದು ಸುಲಭ. ತಗಡಿನ ಮೇಲಿನ ಬೂದಿ ಪದರ ನೋಡಿದ್ದೀರಲ್ಲ? ನಾನು ಮೊದಲ ಸಲ ಇಳಿದಾಗ, ತಂತಿಗಳಿಗೆ ಅರ್ತಿಂಗ್ ರಾಡ್ ತಾಗಿಸಿ ಉಳಿದ ಚಾರ್ಜ್ ಇಳಿಸಿದ ಮೇಲೆ, ಬೆರಳಿಂದ ಆ ಪದರ ಒತ್ತಿ ನೋಡಿದೆ. ಮುಖಕ್ಕೆ ಹಚ್ಚುವ ಪೌಡರಿಗಿಂತ ನುಣುಪು. ಮುಷ್ಟಿಯಿಂದ ಮೆಲ್ಲಗೆ ಗುದ್ದಿದರೆ ಪುಡಿಪುಡಿಯಾಗಿ ಉದುರಲಿಲ್ಲ, ಹಪ್ಪಳದ ಹಾಗೆ ಅಗಲವಾಗಿ ಕಳಚಿ ಕೆಳಗೆ ಜಾರಿತು. ಹಪ್ಪಳವಾಗಿ ಬಿದ್ದದ್ದು ಹಾಪರ್ ಸೇರುತ್ತೆ. ಹಪ್ಪಳ ಒಡೆದು ಮತ್ತೆ ಪುಡಿಯಾದದ್ದು ಹೊಗೆಯ ಜೊತೆ ಎದ್ದು ಚಿಮಣಿಗೆ ಹೋಗುತ್ತೆ. ಸುತ್ತಿಗೆ ಜಾಸ್ತಿ ಬಡಿದರೂ ಕಷ್ಟ, ಕಮ್ಮಿ ಬಡಿದರೂ ಕಷ್ಟ ಅನ್ನೋದು ಇದಕ್ಕೇ.

ಈ ಪದರದಲ್ಲೇ ನಮ್ಮ ದೇಶದ ಬೂದಿಯ ತಂಟೆ ಇದೆ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಗಂಧಕ ತೀರಾ ಕಮ್ಮಿ. ಗಂಧಕ ಕಮ್ಮಿ ಇದ್ದರೆ ಒಳ್ಳೇದೇ ಅಲ್ವಾ ಅನ್ನಿಸುತ್ತೆ, ಗಾಳಿಗೆ ಒಳ್ಳೇದು ಹೌದು. ಆದರೆ ಗಂಧಕದ ಆಮ್ಲದ ತೆಳು ಪಸೆ ಬೂದಿಯ ಮೈಮೇಲೆ ಇದ್ದರೆ ಅದರ ಮೂಲಕ ಚಾರ್ಜ್ ಹರಿದು ತಗಡಿಗೆ ಇಳಿದುಹೋಗುತ್ತೆ. ನಮ್ಮ ಬೂದಿಗೆ ಆ ಪಸೆ ಇಲ್ಲ. ಕರೆಂಟು ಹರಿಯದ ಕಂಬಳಿ ಹೊದಿಸಿದ ಹಾಗೆ ತಗಡಿನ ಮೇಲೆ ಕೂರುತ್ತೆ, ಚಾರ್ಜ್ ಇಳಿಯಲು ದಾರಿ ಸಿಗದೆ ಪದರದೊಳಗೇ ಗುಡ್ಡೆ ಬೀಳುತ್ತೆ, ಕೊನೆಗೆ ಅಲ್ಲಲ್ಲಿ ಸಿಡಿದು ತಗಡಿನ ಕಡೆಯಿಂದಲೇ ಉಲ್ಟಾ ಪ್ಲಸ್ ಅಯಾನು ಹೊರಡುತ್ತೆ. ಕಷ್ಟಪಟ್ಟು ಮೈನಸ್ ಹೊರಿಸಿದ ಕಣಗಳ ಚಾರ್ಜನ್ನು ಇದು ತಿಂದುಹಾಕುತ್ತೆ. ಕಂಟ್ರೋಲ್ ರೂಮಿನವರು ‘ಬ್ಯಾಕ್ ಕೊರೊನಾ’ ಅಂತ ಬಯ್ಯೋದು ಇದನ್ನೇ.

ಈ ರೋಗ ಇರುವ ಕಡೆ ಮುಂದೆ ಗಂಟು ಕಟ್ಟುವ ಯಂತ್ರ ಹಾಕಿದರೆ ಹಿಂದಿನ ಇ.ಎಸ್.ಪಿ.ಯ ರೋಗ ಹೋಗಲ್ಲ. ಮೊದಲು ಮಾಡಬೇಕಾದ್ದು ಹೊಗೆಗೆ ಸ್ವಲ್ಪ ಅಮೋನಿಯಾ ಸೇರಿಸೋದು, ಕರೆಂಟನ್ನು ಒಂದೇ ಸಮನೆ ಕೊಡದೆ ಬಿಟ್ಟು ಬಿಟ್ಟು ಕೊಡೋದು, ಫೀಲ್ಡ್‌ಗಳನ್ನು (ಇ.ಎಸ್.ಪಿ. ಒಳಗಿನ ಒಂದೊಂದು ವಿಭಾಗಕ್ಕೆ ಫೀಲ್ಡ್ ಅಂತಾರೆ) ಜಾಸ್ತಿ ಮಾಡೋದು. ಅಮೋನಿಯಾದಿಂದ ಬೂದಿಗೆ ಅಂಟು ಬರುತ್ತೆ, ಅದೂ ಒಂದು ಥರ ಗಂಟು ಕಟ್ಟಿಸೋದೇ ನೋಡಿ. ಇನ್ನೊಂದು ವಿಷಯ, ನಮ್ಮ ಬೂದಿಯಲ್ಲಿ ಸಿಲಿಕಾ ಜಾಸ್ತಿ, ಉಪ್ಪುಕಾಗದದ ಹಾಗೆ ಕಬ್ಬಿಣ ಸವೆಸುತ್ತೆ. ಗಂಟು ಯಂತ್ರ ಕೂರೋದು ಹೊಗೆ ಜೋರಾಗಿ ನುಗ್ಗುವ ಕೊಳವೆಯಲ್ಲಿ. ಅಲ್ಲಿನ ತಂತಿ, ತಗಡು ಎಷ್ಟು ದಿನ ಬಾಳಿಕೆ ಬರುತ್ತೆ ಅಂತ ಮೊದಲು ಕೇಳಬೇಕು.

ನಿಯಮವೂ ಬಿಗಿಯಾಗಿದೆ. 2015ರ ಕೇಂದ್ರದ ಅಧಿಸೂಚನೆ ಪ್ರಕಾರ 2003ರ ಕೊನೆಯೊಳಗೆ ಶುರುವಾದ ವಿದ್ಯುತ್ ಘಟಕಗಳು ಒಂದು ಘನ ಮೀಟರ್ ಹೊಗೆಗೆ 100 ಮಿಲಿಗ್ರಾಂ ದೂಳಿನೊಳಗೆ ಇರಬೇಕು, ಆಮೇಲಿನವು 50, 2017ರಿಂದ ಶುರುವಾದವು 30. ಹಳೇ ಯಂತ್ರ ಇಟ್ಟುಕೊಂಡು 100ರಿಂದ ಕೆಳಗಿಳಿಯಬೇಕಾದಾಗ, ಹೊಸ ಫೀಲ್ಡ್ ಕಟ್ಟಲು ಜಾಗವೂ ಇಲ್ಲದಿದ್ದಾಗ, ಇಂಥ ಉಪಾಯಕ್ಕೆ ಬೆಲೆ ಬರುತ್ತೆ. ಜಾಗ ಇರುವ ಹೊಸ ಪ್ಲಾಂಟಿಗೆ ನಾನಾಗಿದ್ದರೆ ಒಂದು ಫೀಲ್ಡ್ ಜಾಸ್ತಿ ಕಟ್ಟಿ ಅಂತ ಹೇಳ್ತಿದ್ದೆ.

ಒಂದು ಮಾತು, ನಮ್ಮ ಪಾಳಿಯಲ್ಲೇ ಆದದ್ದು. ಒಮ್ಮೆ ಹಾಪರ್ ಚೋಕ್ ಆಗಿ ಬೂದಿ ತುಂಬುತ್ತಾ ತುಂಬುತ್ತಾ ಮೇಲೆ ತಂತಿಯ ತನಕ ಏರಿತು. ಫೀಲ್ಡ್ ಶಾರ್ಟ್ ಆಗಿ ಕೂತುಬಿಟ್ಟಿತು. ಹಾಪರ್ ಹೀಟರ್ ಕೆಟ್ಟು ವಾರ ಆಗಿತ್ತು, ಸ್ಟೋರಿನಲ್ಲಿ ಇರಲಿಲ್ಲ. ಮೂರು ದಿನ ಆ ಫೀಲ್ಡ್ ಸತ್ತೇ ಇತ್ತು, ಪ್ಲಾಂಟ್ ಓಡ್ತಾನೇ ಇತ್ತು. ಆ ಮೂರು ದಿನದಲ್ಲಿ ಹೋದ ಬೂದಿಯ ಮುಂದೆ ಯಾವ ಹೊಸ ತಂತ್ರಜ್ಞಾನ ಉಳಿಸುವ ಬೂದಿ ಏನು ಲೆಕ್ಕ?

ಪ್ರಶ್ನೆ: ನಮ್ಮ ಹೊಲದ ಸುತ್ತ ಮೆದುಕಬ್ಬಿಣದ (ಸ್ಪಾಂಜ್ ಐರನ್) ಫ್ಯಾಕ್ಟರಿಗಳಿವೆ. ಹಗಲು ಏನೂ ಕಾಣಲ್ಲ, ರಾತ್ರಿ ಕರೇ ಹೊಗೆ. ಬೆಳಿಗ್ಗೆ ಹತ್ತಿ ಬಿಡಿಸೋಕೆ ಹೋದರೆ ಅರಳೆ ಮೇಲೆ ಕಪ್ಪು ಕೂತಿರುತ್ತೆ, ರೇಟಲ್ಲಿ ಮುರೀತಾರೆ. ನೀವು ಹೇಳಿದ ಯಂತ್ರ ಬಂದರೆ ನಮಗೆ ಉಪಯೋಗ ಆಗುತ್ತಾ?
— ರೈತರು, ಕೊಪ್ಪಳ ತಾಲ್ಲೂಕು

ಅಣ್ಣಾ, ನಿಮಗೆ ಬೇಕಾದ್ದು ಹೊಸ ಯಂತ್ರ ಅಲ್ಲ. ನಿಮ್ಮ ಅರಳೆ ಮೇಲೆ ಕಣ್ಣಿಗೆ ಕಾಣೋ ಹಾಗೆ ಕೂತಿದೆ ಅಂದರೆ ಅದು ದಪ್ಪ ದೂಳು. ಅದನ್ನು ಹಿಡಿಯೋಕೆ ಈಗಿರುವ ಇ.ಎಸ್.ಪಿ.ಯೇ ಧಾರಾಳ ಸಾಕು, ಆನ್ ಆಗಿದ್ದರೆ.

ಆ ಫ್ಯಾಕ್ಟರಿಗಳಲ್ಲಿ ಅದಿರನ್ನೂ ಕಲ್ಲಿದ್ದಲನ್ನೂ ಒಟ್ಟಿಗೆ ಹಾಕಿ ಕಿಲ್ನ್ ಅನ್ನುವ ಉದ್ದನೆಯ ತಿರುಗುವ ಕುಲುಮೆಯಲ್ಲಿ ಉರುಳಿಸುತ್ತಾರೆ. ಹೊಗೆಯನ್ನು ಮತ್ತೆ ಉರಿಸಿ, ತಣ್ಣಗೆ ಮಾಡಿ, ಇ.ಎಸ್.ಪಿ. ಮೂಲಕ ಚಿಮಣಿಗೆ ಬಿಡಬೇಕು. ಮಧ್ಯೆ ಮೇಲುಗಡೆ ಒಂದು ಮುಚ್ಚಳ ಇರುತ್ತೆ, ಸೇಫ್ಟಿ ಕ್ಯಾಪ್ ಅಂತಾರೆ. ಕರೆಂಟು ಹೋದಾಗ, ಒಳಗೆ ಒತ್ತಡ ಏರಿದಾಗ ಅಪಾಯ ಆಗದ ಹಾಗೆ ಅದನ್ನ ತೆಗೀತಾರೆ. ತೆಗೆದರೆ ಹೊಗೆ ಇ.ಎಸ್.ಪಿ.ಗೆ ಹೋಗದೆ ಸೀದಾ ಆಕಾಶಕ್ಕೆ. ಕಾರ್ಬನ್ ಮೊನಾಕ್ಸೈಡ್ ಜಾಸ್ತಿಯಾದರೆ ಕಿಡಿಗೆ ಸ್ಫೋಟ ಆಗಬಹುದು ಅಂತ ಇ.ಎಸ್.ಪಿ.ಯನ್ನೇ ಆಫ್ ಮಾಡುವ ಸಂದರ್ಭವೂ ಇದೆ. ಇವು ನಿಜವಾದ ಕಾರಣಗಳು. ಆದರೆ ದಿನಾ ರಾತ್ರಿ ಅದೇ ಹೊತ್ತಿಗೆ ತುರ್ತು ಬರುತ್ತಾ? ಇ.ಎಸ್.ಪಿ.ಗೂ ಫ್ಯಾನಿಗೂ ಕರೆಂಟು ಬಿಲ್ ಬರುತ್ತೆ ಅನ್ನೋದು ನಿಮಗೂ ಗೊತ್ತು ನನಗೂ ಗೊತ್ತು.

ಎರಡು ಕೆಲಸ ಮಾಡಿ. ಒಂದು, ತಾರೀಕು, ಟೈಮು, ಗಾಳಿಯ ದಿಕ್ಕು ಬರೆದಿಡಿ, ಮೊಬೈಲಲ್ಲಿ ವಿಡಿಯೊ ಮಾಡಿ, ಹತ್ತು ಹದಿನೈದು ದಿನದ್ದು ಒಟ್ಟು ಸೇರಿಸಿ ನಾಲ್ಕು ರೈತರು ಸಹಿ ಹಾಕಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ‘ಹೊಗೆ ಬರುತ್ತೆ’ ಅಂದರೆ ಯಾರೂ ಏಳಲ್ಲ. ‘ಇಂಥ ರಾತ್ರಿ 1.40ರಿಂದ 3.10ರವರೆಗೆ, ಮುಚ್ಚಳದ ಕಡೆಯಿಂದ, ಚಿಮಣಿಯಿಂದಲ್ಲ’ ಅಂದರೆ ಲಾಗ್‌ಬುಕ್ ತೆಗೆಸಿ ನೋಡಬಹುದು.

ಎರಡು, ಆ ದೂಳನ್ನು ಬಿಳಿ ಕಾಗದದ ಮೇಲೆ ಕೊಡವಿ, ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಮೇಲೆ ಆಡಿಸಿ. ಮೆದುಕಬ್ಬಿಣದ ಪುಡಿಯಾದರೆ ಚಕ್ಕನೆ ಹಾರಿ ಅಂಟುತ್ತೆ. ಕಲ್ಲಿದ್ದಲ ಮಸಿ ಅಲ್ಲಾಡಲ್ಲ. ಕೆಂಪು ಅದಿರಿನ ದೂಳು ಹೆಚ್ಚುಕಮ್ಮಿ ಸುಮ್ನೆ ಇರುತ್ತೆ. ಯಾವುದರಿಂದ ಬಂತು ಅಂತ ಮೇಲ್ನೋಟಕ್ಕೆ ಗೊತ್ತಾಗುತ್ತೆ, ಕೋರ್ಟಿಗೆ ಸಾಕಾಗುವ ಸಾಕ್ಷಿ ಅಲ್ಲ.

ಪ್ರಶ್ನೆ: ನಮ್ಮದು ಸಣ್ಣ ರೈಸ್ ಮಿಲ್. ಬಾಯ್ಲರಿಗೆ ಭತ್ತದ ಹೊಟ್ಟು ಹಾಕ್ತೀವಿ. ಓಣಿಯವರು ಬೂದಿ ಬೂದಿ ಅಂತ ಜಗಳಕ್ಕೆ ಬರ್ತಾರೆ. ಈ ಕರೆಂಟಿನದು ಹಾಕಿಸಬಹುದಾ?
— ಗಂಗಾವತಿ

ಬೇಡಿ. ದುಡ್ಡು ದಂಡ. ಹೊಟ್ಟು ಉರಿದರೆ ಅದರ ತೂಕದ ಐದನೇ ಒಂದು ಭಾಗ ಬೂದಿ, ಆ ಬೂದಿಯಲ್ಲಿ ಹೆಚ್ಚುಪಾಲು ಸಿಲಿಕಾ. ಹಗುರ, ಚಕ್ಕೆ ಚಕ್ಕೆ. ನಿಮ್ಮಲ್ಲಿ ಸೈಕ್ಲೋನ್ (ಹೊಗೆಯನ್ನು ಗಿರಗಿರ ಸುತ್ತಿಸಿ ಬೂದಿ ಬೀಳಿಸುವ ಡಬ್ಬ) ಇರಬೇಕು, ಅದರ ಬುಡದಲ್ಲಿ ಬೂದಿ ಇಳಿಯುವ ವಾಲ್ವ್ ಹತ್ತಿರ ಗಾಳಿ ಸೋರ್ತಾ ಇದೆಯಾ ನೋಡಿ. ಅಲ್ಲಿ ಒಂದು ಸಣ್ಣ ತೂತಿದ್ದರೆ ಗಾಳಿ ಒಳಗೆ ಎಳೆದು ಇಳಿದ ಬೂದಿಯನ್ನೇ ಮತ್ತೆ ಮೇಲೆ ಎಬ್ಬಿಸುತ್ತೆ, ಸೈಕ್ಲೋನ್ ಇದ್ದೂ ಇಲ್ಲದ ಹಾಗೆ. ಅದು ಸರಿಯಿದ್ದೂ ಸಾಲದಿದ್ದರೆ ಬ್ಯಾಗ್ ಫಿಲ್ಟರ್ ಹಾಕಿಸಿ, ಆದರೆ ಅದರ ಮುಂಚೆ ಕಿಡಿ ತಡೆಯುವ ವ್ಯವಸ್ಥೆ ಇರಲೇಬೇಕು. ಹೊಟ್ಟಿನ ಕಿಡಿ ಬಟ್ಟೆಗೆ ತಾಗಿದರೆ ಒಂದೇ ರಾತ್ರಿಗೆ ಬ್ಯಾಗು ಜರಡಿ.

ಪ್ರಶ್ನೆ: ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳಿದ್ದಾರೆ. ಅಯಾನ್ ಬಿಡುವ ಏರ್ ಪ್ಯೂರಿಫೈಯರ್ ಅಂತ ಆನ್‌ಲೈನಲ್ಲಿ ಕಮ್ಮಿ ರೇಟಿಗೆ ಸಿಗುತ್ತೆ, ಫಿಲ್ಟರ್ ಬದಲಿಸೋದೇ ಬೇಡವಂತೆ. ತಗೊಳ್ಳಬಹುದಾ?
— ಗೃಹಿಣಿ, ತೋರಣಗಲ್ಲು

ತಗೋಬೇಡಿ ತಾಯಿ. ಕೆಲಸ ಮಾಡಲ್ಲ ಅಂತಲ್ಲ, ಅರ್ಧ ಕೆಲಸ ಮಾಡುತ್ತೆ. ಅಯಾನು ಬಿಟ್ಟರೆ ದೂಳಿಗೆ ಚಾರ್ಜ್ ಬರುತ್ತೆ ನಿಜ. ಆಮೇಲೆ ಆ ದೂಳು ಎಲ್ಲಿ ಹೋಗಬೇಕು? ಒಳಗೆ ತಗಡು ಇಲ್ಲ, ಹಾಪರ್ ಇಲ್ಲ. ಗೋಡೆಗೆ, ಪರದೆಗೆ, ಮಕ್ಕಳ ಹಾಸಿಗೆಗೆ ಅಂಟುತ್ತೆ. ಹಳೇ ಡಬ್ಬಾ ಟಿ.ವಿ. ನೆನಪಿದೆಯಾ? ಒರೆಸಿದ ಮರುದಿನವೇ ಗಾಜಿನ ಮೇಲೆ ದೂಳಿನ ಪರದೆ, ಹತ್ತಿರ ಕೈ ಹಿಡಿದರೆ ಕೂದಲು ನಿಮಿರಿ ಚಟಚಟ ಅನ್ನೋದು. ಅದೇ ಸಂಗತಿ, ನಿಮ್ಮ ಮನೆ ಗೋಡೆಯೇ ಆಗ ಟಿ.ವಿ. ಗಾಜು. ಪಕ್ಕದಲ್ಲಿ ಮಕ್ಕಳು ಕುಣಿದಾಗ ಮತ್ತೆ ಏಳುತ್ತೆ. ಅದಲ್ಲದೆ ಕೆಲವು ಅಗ್ಗದ ಯಂತ್ರಗಳು ಓಜೋನ್ ಬಿಡುತ್ತವೆ. ಮಳೆ ಬರುವ ಮುಂಚಿನ ವಾಸನೆ ಅಂತ ಜಾಹೀರಾತಿನಲ್ಲಿ ಚಂದ ಮಾಡಿ ಹೇಳ್ತಾರೆ, ಉಬ್ಬಸ ಇರುವ ಮಗುವಿಗೆ ಅದು ಎದೆ ಉರಿ.

ತಗೊಳ್ಳೋದಾದರೆ ಹೆಪಾ ಫಿಲ್ಟರ್ ಇರುವುದನ್ನೇ ತಗೊಳ್ಳಿ. 0.3 ಮೈಕ್ರಾನಿನ ಕಣದಲ್ಲಿ ನೂರಕ್ಕೆ 99.97 ಹಿಡಿಯುತ್ತೆ ಅಂತ ಬರೆದಿರುತ್ತೆ. ಯಾಕೆ 0.3 ಅಂತ ಕೇಳಿದರೆ, ಮೇಲೆ ರಾಯಚೂರಿನ ಹುಡುಗನಿಗೆ ಹೇಳಿದೆನಲ್ಲ, ಮಧ್ಯದ ಸೈಜಿನವೇ ಕಷ್ಟ ಅಂತ. ಬಟ್ಟೆಯ ಫಿಲ್ಟರಿಗೂ ಅದೇ ಕಥೆ, ಅದಕ್ಕೇ ಪರೀಕ್ಷೆಯನ್ನು ಅದರ ಮೇಲೇ ಮಾಡ್ತಾರೆ. ಫಿಲ್ಟರ್ ಕಪ್ಪಾದಾಗ ಬದಲಿಸಬೇಕು, ಆ ಖರ್ಚು ತಪ್ಪಿದ್ದಲ್ಲ. ಉಳಿದಂತೆ ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಳಗಿನ ಜಾವ ಹೊಗೆ ನೆಲಕ್ಕೆ ಇಳಿದಿರುವಾಗ ಕಿಟಕಿ ಹಾಕಿಡಿ, ಬಿಸಿಲೇರಿದ ಮೇಲೆ ತೆಗೀರಿ.

ಪ್ರಶ್ನೆ: ಸಂಡೂರು ರಸ್ತೆಯ ಕೆಂಪು ದೂಳಿಗೂ ಕರೆಂಟು ಹಿಡಿಸಬಹುದಾ ಸರ್?
— ಲಾರಿ ಡ್ರೈವರ್

ಚಾರ್ಜ್ ಕೊಡಬೇಕಾದರೆ ದೂಳು ಒಂದು ಕೊಳವೆಯೊಳಗೆ ಸಿಗಬೇಕು ಅಣ್ಣಾ. ರಸ್ತೆಗೆ ಕೊಳವೆ ಎಲ್ಲಿಂದ ತರೋದು? ನೀರಿನ ಹನಿಗೆ ಚಾರ್ಜ್ ಕೊಟ್ಟು ಮಂಜಿನ ಹಾಗೆ ಚಿಮ್ಮಿಸುವ ಯಂತ್ರಗಳಿವೆ, ಕ್ರಷರ್ ಹತ್ತಿರ, ಅದಿರು ಸುರಿಯುವ ಜಾಗದಲ್ಲಿ ಉಪಯೋಗಕ್ಕೆ ಬರುತ್ತವೆ, ಹತ್ತಾರು ಕಿಲೋಮೀಟರ್ ರಸ್ತೆಗಲ್ಲ. ಅಲ್ಲಿ ಬೇಕಾದ್ದು ಗಣಿ ಗೇಟಿನಲ್ಲಿ ಚಕ್ರ ತೊಳೆಯೋದು, ಬಿದ್ದ ಅದಿರನ್ನು ಗುಡಿಸಿ ಎತ್ತೋದು, ಮತ್ತೆ ನಿಮ್ಮ ತಾಡಪಾಲು. ಪೂರ್ತಿ ಮುಚ್ಚಿ, ಹಿಂದಿನ ಡಾಲಾ ಬಾಗಿಲಿನ ಸಂದಿಗೂ ಗೋಣಿ ತುರುಕಿ. ಲೋಡ್ ಇಳಿಸಿ ಖಾಲಿ ಬರುವಾಗಲೂ ಮುಚ್ಚಿ, ತಳದಲ್ಲಿ ಉಳಿದ ಪುಡಿಯೇ ಜಾಸ್ತಿ ಹಾರೋದು.